ಹೇಳಿ ಹೋದವರು, ಹೇಳದೆ ಹೋದವರು

ಪುಣ್ಯಕೋಟಿಯ ಕಥೆಯನ್ನು ನನ್ನ ಮಗಳಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಊಟ ಮಾಡಿಸುವಾಗ, ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಕಾರೊಳಗೆ ಕೂತು ಬೇಯುವಾಗ, ಕರೆಂಟು ಹೋದ ರಾತ್ರಿಗಳಲ್ಲಿ. ಅವಳಿಗೆ ಆಗ ಐದೂವರೆ ವರ್ಷ. ಹುಲಿ ಬಂದಾಗ ಹೊದಿಕೆಯೊಳಗೆ ನುಗ್ಗೋದು, ಕರು ಮಾತಾಡುವಾಗ ತಾನೇ ಕರುವಾಗೋದು, ಎಲ್ಲ ರೂಢಿಯಾಗಿತ್ತು. ಕಳೆದ ವರ್ಷ, ನನ್ನ ಅಪ್ಪ ತೀರಿಕೊಂಡ ಮೂರನೇ ವಾರ, ಒಂದು ರಾತ್ರಿ ಅದೇ ಕಥೆ ಹೇಳುತ್ತಿದ್ದೆ. ಪುಣ್ಯಕೋಟಿ ಹುಲಿಯಿಂದ ಅಪ್ಪಣೆ ಪಡೆದು ದೊಡ್ಡಿಗೆ ವಾಪಸ್ ಬರುವ ಜಾಗದಲ್ಲಿ ಮಗಳು ತಡೆದಳು.

"ಅವಳು ಕರೂಗೆ ಹೇಳಿ ಹೋಗೋಕೆ ಬಂದಿದ್ದು ಅಲ್ವಾ?"

"ಹೂಂ ಪುಟ್ಟಾ."

"ಮತ್ತೆ ತಾತ ಯಾಕೆ ನಂಗೆ ಹೇಳಿ ಹೋಗ್ಲಿಲ್ಲ?"

ಅಪ್ಪ ಹೋಗಿದ್ದು ರಾತ್ರಿ ಎರಡು ಗಂಟೆಗೆ, ಆಂಬುಲೆನ್ಸಿನಲ್ಲಿ. ಮಗಳು ನಿದ್ದೆಯಲ್ಲಿದ್ದಳು, ಅಥವಾ ಹಾಗಂತ ನಾವು ಅಂದುಕೊಂಡಿದ್ದೆವು. ಬೆಳಗ್ಗೆ ಎದ್ದವಳಿಗೆ "ತಾತ ಊರಿಗೆ ಹೋಗಿದ್ದಾರೆ" ಅಂದಿದ್ದು ನಾನೇ. ಹದಿಮೂರು ದಿನ ಮನೆ ತುಂಬ ಜನ ಇದ್ದಾಗ ಅವಳನ್ನು ಪಕ್ಕದ ಫ್ಲ್ಯಾಟಿನಲ್ಲಿ ಬಿಟ್ಟಿದ್ದೂ ನಾನೇ. ಮೂರು ವಾರದಿಂದ ಲಿಫ್ಟಿನ ಬಾಗಿಲು ತೆರೆದಾಗಲೆಲ್ಲ ಅವಳು ಇಣುಕಿ ನೋಡುತ್ತಿದ್ದಳು. ಅವಳ ಲೆಕ್ಕ ಸರಿಯಾಗೇ ಇತ್ತು. ಹುಲಿಯ ಗುಹೆಗೆ ಹೋದ ಪುಣ್ಯಕೋಟಿಯೇ ವಾಪಸ್ ಬಂದಳು, ಊರಿಗೆ ಹೋದ ತಾತ ಯಾಕೆ ಬರಬಾರದು?

ಆ ರಾತ್ರಿ ಕಥೆ ಅಲ್ಲಿಗೇ ನಿಂತಿತು. ಅಮ್ಮನನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ತಾತ ಸತ್ತುಹೋದರು, ಇನ್ನು ಬರಲ್ಲ, ಹೇಳಿ ಹೋಗೋಕೆ ಅವರಿಗೂ ಟೈಮ್ ಸಿಗಲಿಲ್ಲ ಅಂತ ಹೇಳಿದೆ. "ಸತ್ತುಹೋದರು" ಅನ್ನೋ ಪದ ನನ್ನ ಬಾಯಿಂದ ಬರೋಕೆ ಮೂರು ವಾರ ಬೇಕಾಯ್ತು. ದೊಡ್ಡವರಾದ ನಾವು ಆ ಪದವನ್ನು ಮನೆಯವರಿಗೆ ಬಳಸುವುದೇ ಇಲ್ಲ. ಹೋದರು, ತೀರಿಕೊಂಡರು, ಇಲ್ಲವಾದರು, ದೇವರ ಪಾದ ಸೇರಿದರು. ಗೌರವಕ್ಕಾಗಿ ಕಟ್ಟಿಕೊಂಡ ಮಾತುಗಳು ಇವು, ಸರಿಯೇ. ಆದರೆ ಐದು ವರ್ಷದ ಮಗುವಿಗೆ "ಹೋದರು" ಅಂದರೆ ಎಲ್ಲಿಗೋ ಹೋದರು ಅಂತಲೇ ಅರ್ಥ.

ಆಮೇಲೆ ನಮ್ಮಂಥವರು ಏನು ಮಾಡ್ತೀವೋ ಅದನ್ನೇ ಮಾಡಿದೆ. ಪರಿಹಾರವನ್ನು ಆನ್‌ಲೈನಿನಲ್ಲಿ ಆರ್ಡರ್ ಮಾಡಿದೆ. ವಾಟ್ಸಾಪಿನಲ್ಲಿ ಗೆಳೆಯರು ಕಳಿಸಿದ ಪಟ್ಟಿ ಹಿಡಿದು ಪುಸ್ತಕ ತರಿಸಿದರೆ, ಡಬ್ಬದ ತುಂಬ ಬರೀ ಪ್ರಾಣಿಗಳು. ಬ್ಯಾಜರ್, ಬಾತುಕೋಳಿ, ರಕೂನ್, ಮೊಲ, ಜೇಡ, ಹಂದಿಮರಿ. ಎಲ್ಲರ ಮನೆಯಲ್ಲೂ ಯಾರೋ ಸತ್ತಿದ್ದರು, ಇಲ್ಲವೇ ಏನೋ ಆಗಬಾರದ್ದು ಆಗಿತ್ತು.

ಈ ಪ್ರಾಣಿಗಳ ಜೊತೆ ಒಂದು ವರ್ಷ ಕಳೆದ ಮೇಲೆ ನನಗೆ ಒಂದು ವಿಷಯ ಖಾತ್ರಿಯಾಗಿದೆ. ಇಂಥ ಪುಸ್ತಕ ಕೊಳ್ಳುವ ಮುಂಚೆ ಸಾವಿನ ಪುಟವನ್ನು ಓದಿ ನೋಡಬೇಡಿ, ಅದರ ಮುಂದಿನ ಪುಟ ಓದಿ. ಸತ್ತವರ ಬಗ್ಗೆ ಎಲ್ಲರೂ ಒಂದಷ್ಟು ಚೆನ್ನಾಗಿಯೇ ಬರೆಯುತ್ತಾರೆ. ಉಳಿದವರನ್ನು ಲೇಖಕರು ಏನು ಮಾಡುತ್ತಾರೆ ಅನ್ನೋದರಲ್ಲೇ ಪುಸ್ತಕದ ಯೋಗ್ಯತೆ ಗೊತ್ತಾಗೋದು.

ಮೊದಲು ನಮ್ಮ ಮನೆಯ ಹಸುವಿನಿಂದಲೇ ಶುರು ಮಾಡೋಣ. ಗೋವಿನ ಹಾಡನ್ನು ನಾವೆಲ್ಲ ಶಾಲೆಯಲ್ಲಿ ಸತ್ಯದ ಪಾಠವಾಗಿ ಕಲಿತವರು. ಪರೀಕ್ಷೆಯಲ್ಲಿ ಬರುತ್ತಿದ್ದ ಪ್ರಶ್ನೆಯೂ ಅದೇ, ಈ ಪದ್ಯದ ನೀತಿ ಏನು? ಈಗ ಮತ್ತೆ ಕೂತು ಓದಿದರೆ, ಆ ಹಾಡಿನ ಜೀವ ಇರೋದು ನಡುವಿನ ಭಾಗದಲ್ಲಿ. ತಾಯಿ ಸಾಯೋಕೆ ಹೊರಟಿದ್ದಾಳೆ, ಕರುವಿಗೆ ಅದು ಗೊತ್ತಾಗಿದೆ. ಕರು ಕೇಳೋದು ಧರ್ಮದ ಪ್ರಶ್ನೆಗಳನ್ನಲ್ಲ. ಇನ್ನು ಯಾರ ಹಾಲು ಕುಡಿಯಲಿ, ಯಾರ ಪಕ್ಕ ಮಲಗಲಿ, ಯಾರ ಹತ್ತಿರ ಹೋಗಲಿ ಅಂತ ಕೇಳುತ್ತೆ. ತಾಯಿಯೂ ಉಪದೇಶ ಕೊಡುತ್ತಾ ಕೂರೋದಿಲ್ಲ. ದೊಡ್ಡಿಯ ಬೇರೆ ಹಸುಗಳನ್ನು ಕರೆದು, ಈ ತಬ್ಬಲಿಯನ್ನು ಹಾಯಬೇಡಿ, ಒದೆಯಬೇಡಿ, ನಿಮ್ಮದೇ ಮಗು ಅಂತ ನೋಡಿಕೊಳ್ಳಿ ಅಂತ ಒಪ್ಪಿಸುತ್ತಾಳೆ. ಮಗುವಿಗೆ ಸಾವನ್ನು ಹೇಗೆ ಹೇಳಬೇಕು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಮಾದರಿ ನನಗೆ ಕಂಡಿಲ್ಲ. ನಿಜ ಹೇಳು, ಅವರ ಮುಂದೆಯೇ ಹೇಳು, ಮುಂದೆ ಅವರನ್ನು ಯಾರು ನೋಡಿಕೊಳ್ಳುತ್ತಾರೆ ಅನ್ನೋದನ್ನೂ ಹೇಳು.

ಆದರೆ ಹಾಡು ಮುಗಿಯೋದು ತಾಯಿ ವಾಪಸ್ ಬರೋದರಿಂದ. ಹುಲಿ ಮನಸ್ಸು ಬದಲಿಸಿ ತಾನೇ ಹಾರಿ ಪ್ರಾಣ ಬಿಡುತ್ತೆ, ಕರುವಿಗೆ ಅಮ್ಮ ಸಿಗುತ್ತಾಳೆ. ಅಷ್ಟು ಚೆನ್ನಾಗಿ ತೆರೆದ ದುಃಖವನ್ನು ಹಾಡು ಬಳಸದೆಯೇ ಮುಚ್ಚಿಬಿಡುತ್ತೆ. ಹುಲಿಯ ಸಾವಂತೂ ಒಂದು ಉಸಿರಿನಲ್ಲಿ ಮುಗಿಯುತ್ತೆ, ಯಾರೂ ಅಳೋದಿಲ್ಲ. ಇದು ಹಾಡಿನ ದೋಷ ಅಂತ ನಾನು ಹೇಳಲ್ಲ, ಅದರ ಉದ್ದೇಶವೇ ಬೇರೆ. ಆದರೆ ನಿಜವಾಗಿ ಯಾರನ್ನೋ ಕಳಕೊಂಡ ಮಗುವಿಗೆ ಅದರ ಕೊನೆ ಸುಳ್ಳು ಭರವಸೆ ಕೊಡುತ್ತೆ. ನಮ್ಮ ಲಿಫ್ಟಿನ ಬಾಗಿಲಲ್ಲಿ ಆಗಿದ್ದು ಅದೇ.

ಹಾಗೆ ನೋಡಿದರೆ ದುಃಖಕ್ಕೂ ಪ್ರಾಣಿಗೂ ನಮ್ಮಲ್ಲಿ ಹಳೇ ನಂಟು. ಬೇಡ ಗಂಡು ಕ್ರೌಂಚವನ್ನು ಹೊಡೆದಾಗ ಹೆಣ್ಣು ಹಕ್ಕಿ ಅತ್ತಿದ್ದನ್ನು ಕಂಡು ವಾಲ್ಮೀಕಿಯ ಶೋಕವೇ ಶ್ಲೋಕವಾಯ್ತು ಅಂತ ಕೇಳಿಕೊಂಡು ಬೆಳೆದವರು ನಾವು. ಆದರೆ ಮಕ್ಕಳಿಗೆ ಹೇಳುವ ಕಥೆಗಳಲ್ಲಿ ಆ ಅಳು ಉಳಿಯಲಿಲ್ಲ. 11ನೇ ಶತಮಾನದಲ್ಲೇ ದುರ್ಗಸಿಂಹ ಕನ್ನಡಕ್ಕೆ ತಂದ ಪಂಚತಂತ್ರವನ್ನೇ ನೋಡಿ. ನಾವೆಲ್ಲ ಕೇಳಿದ ಕಥೆಯಲ್ಲಿ, ನರಿಯ ಚಾಡಿ ಕೇಳಿ ಸಿಂಹ ತನ್ನ ಗೆಳೆಯ ಎತ್ತನ್ನು ಕೊಲ್ಲುತ್ತೆ. ಕೊಂದ ಮೇಲೆ ಪಶ್ಚಾತ್ತಾಪ ಪಡುತ್ತೆ. ಆಗ ನರಿ ಬಂದು, ರಾಜನಾದವನು ಹೀಗೆಲ್ಲ ಅಳಬಾರದು ಅಂತ ನೀತಿ ಹೇಳಿ ಸುಮ್ಮನಾಗಿಸುತ್ತೆ. ಮಗುವನ್ನು ಹಾವಿನಿಂದ ಕಾಪಾಡಿ, ರಕ್ತದ ಬಾಯಲ್ಲಿ ಬಾಗಿಲಿಗೆ ಬಂದು, ಮನೆಯೊಡತಿಯ ಕೈಲೇ ಸತ್ತ ಮುಂಗುಸಿಯ ಕಥೆಯಿಂದ ನಾವು ಕಲಿತದ್ದು "ದುಡುಕಬಾರದು" ಅಂತ. ಮುಂಗುಸಿಗಾಗಿ ಅತ್ತ ಮಕ್ಕಳು ಎಷ್ಟೋ ಇದ್ದಾರೆ. ಆದರೆ ಆ ಅಳುವಿಗೆ ಕಥೆಯಲ್ಲಿ ಜಾಗ ಇಲ್ಲ, ಮುಂದಿನ ಸಾಲಿನಲ್ಲಿ ನೀತಿ ಬಂದು ಕೂತಿರುತ್ತೆ.

ಪ್ರಾಣಿಗಳೇ ಯಾಕೆ ಬೇಕು ಅನ್ನೋದಕ್ಕೆ ಉತ್ತರ ಸರಳ. ತಾತ ಸತ್ತ ಕಥೆ ಓದಿದರೆ ಅದು ನಮ್ಮ ತಾತನ ಕಥೆಯೇ ಆಗಿಬಿಡುತ್ತೆ, ಮಗು ಪುಸ್ತಕ ಮುಚ್ಚಿ ಎದ್ದು ಹೋಗುತ್ತೆ. ಬ್ಯಾಜರ್ ಸತ್ತರೆ ಸ್ವಲ್ಪ ದೂರ ನಿಂತು ನೋಡಬಹುದು. ಬೇಕು ಅನ್ನಿಸಿದಾಗ ಹತ್ತಿರ ಬರಬಹುದು, ಬೇಡ ಅನ್ನಿಸಿದರೆ "ಅದು ಬ್ಯಾಜರ್ ತಾನೇ" ಅನ್ನಬಹುದು. ಈ ದೂರ ಮಗುವಿಗೆ ಅನುಕೂಲ. ಆದರೆ ಸೋಮಾರಿ ಲೇಖಕರಿಗೂ ಅದೇ ಅನುಕೂಲ. ಪ್ರಾಣಿ ತಾನೇ, ಬೇಗ ಮರೆತುಬಿಡುತ್ತೆ ಅಂತ ಸಾಗಿಸಿಬಿಡಬಹುದು.

ಹಾಗೆ ಸಾಗಿಸಿದ್ದಕ್ಕೆ ಜಗತ್ಪ್ರಸಿದ್ಧ ಉದಾಹರಣೆ 1942ರ ಡಿಸ್ನಿ ಸಿನಿಮಾ 'ಬ್ಯಾಂಬಿ'. ತಾಯಿ ಜಿಂಕೆ ಮರಿ ಜಿಂಕೆ ಓಡುತ್ತವೆ, ಗುಂಡಿನ ಸದ್ದು ಕೇಳುತ್ತೆ, ಅಡಗುತಾಣಕ್ಕೆ ಮರಿ ಮಾತ್ರ ಬಂದು ಸೇರುತ್ತೆ. ಬೀಳುವ ಹಿಮದಲ್ಲಿ ಅದು ಅಮ್ಮನನ್ನು ಕರೆಯುತ್ತಾ ಅಲೆಯೋದನ್ನು ನೋಡಿ ಅಳದವರು ಕಡಿಮೆ. ದೊಡ್ಡ ಗಂಡು ಜಿಂಕೆ ಬಂದು, ನಿನ್ನ ತಾಯಿ ಇನ್ನು ನಿನ್ನ ಜೊತೆ ಇರಲಾರಳು ಅನ್ನೋ ಅರ್ಥದ ಒಂದು ಮಾತು ಹೇಳಿ ಕರೆದುಕೊಂಡು ಹೋಗುತ್ತೆ. ಪರದೆ ಕತ್ತಲಾಗುತ್ತೆ. ಬೆಳಕು ಬಂದರೆ ವಸಂತ! ಹೂವು, ಹಕ್ಕಿಗಳ ಹಾಡು, ಬೆಳೆದು ನಿಂತ ಬ್ಯಾಂಬಿ. ತಾಯಿಯನ್ನು ನೆನೆಯಲು ಸಿನಿಮಾ ಮತ್ತೆ ನಿಲ್ಲೋದೇ ಇಲ್ಲ. ಎಂಬತ್ತು ವರ್ಷದಿಂದ ಎಲ್ಲರೂ ಗುಂಡಿನ ಸದ್ದಿನ ದೃಶ್ಯ ಮಕ್ಕಳಿಗೆ ಕ್ರೂರ ಅಂತ ಹೇಳುತ್ತಾ ಬಂದಿದ್ದಾರೆ. ನನಗೆ ಕ್ರೂರ ಅನ್ನಿಸೋದು ಆ ಹಕ್ಕಿಗಳ ಹಾಡು.

ವಿಯೆನ್ನಾದ ಯಹೂದಿ ಲೇಖಕ ಫೀಲಿಕ್ಸ್ ಸಾಲ್ಟನ್ 1923ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದ ಮೂಲ ಕಾದಂಬರಿಯಲ್ಲೂ ತಾಯಿ ಬೇಟೆಯ ಗಲಾಟೆಯಲ್ಲಿ ಕಳೆದುಹೋಗುತ್ತಾಳೆ, ಅಲ್ಲೂ ಕಥೆ ಮುಂದಕ್ಕೆ ಜಿಗಿಯುತ್ತೆ. ಆದರೆ ಆ ಕಾಡಿನಲ್ಲಿ ಸಾವಿನ ಮಾತು ನಿಷಿದ್ಧವಲ್ಲ. ಮರದ ತುದಿಯಲ್ಲಿ ಉಳಿದ ಎರಡು ಎಲೆಗಳು ಚಳಿಗಾಲದ ಬಾಗಿಲಲ್ಲಿ ಪರಸ್ಪರ ಮಾತಾಡಿಕೊಳ್ಳುವ ಒಂದು ಇಡೀ ಅಧ್ಯಾಯ ಅದರಲ್ಲಿದೆ. ಬಿದ್ದ ಮೇಲೆ ಏನಾಗುತ್ತೆ, ನಮ್ಮಲ್ಲಿ ಮೊದಲು ಯಾರು ಬೀಳ್ತೀವಿ ಅಂತ. ಈ ಲೇಖಕನ ಪುಸ್ತಕಗಳನ್ನು ನಾಜಿಗಳು ನಿಷೇಧಿಸಿದರು, ಆತ 1945ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ತೀರಿಕೊಂಡ. ಬೇಟೆಗೆ ಸಿಕ್ಕವರು ಹೇಗೆ ಬದುಕ್ತಾರೆ ಅನ್ನೋದು ಅವನಿಗೆ ಬರೀ ಜಿಂಕೆಯ ಪ್ರಶ್ನೆಯಾಗಿ ಉಳಿದಿರಲಾರದು.

ಫ್ರಾನ್ಸಿನ ಆನೆ 'ಬಬಾರ್'ನದ್ದು ಇನ್ನೂ ವಿಚಿತ್ರ. 1931ರ ಈ ಚಿತ್ರಪುಸ್ತಕದ ಆರಂಭದಲ್ಲೇ ಬೇಟೆಗಾರ ತಾಯಿ ಆನೆಯನ್ನು ಕೊಲ್ಲುತ್ತಾನೆ. ಕೆಲವೇ ಪುಟಗಳಲ್ಲಿ ಬಬಾರ್ ಪೇಟೆಗೆ ಬಂದು, ಲಿಫ್ಟಿನಲ್ಲಿ ಮೇಲೆ ಕೆಳಗೆ ಆಡಿ, ಹಸಿರು ಸೂಟು ಕೊಳ್ಳುತ್ತಿರುತ್ತಾನೆ. ನೋಡಿದ ಕೂಡಲೇ ನಗು ಬಂತು. ಅಪ್ಪನ ಕಾರ್ಯ ಮುಗಿಸಿ ಹದಿನಾಲ್ಕನೇ ದಿನ ಲ್ಯಾಪ್‌ಟಾಪ್ ತೆರೆದು ಸ್ಟ್ಯಾಂಡ್‌ಅಪ್ ಮೀಟಿಂಗಿಗೆ ಕೂತ ನನಗೂ ಬಬಾರ್‌ಗೂ ಏನು ವ್ಯತ್ಯಾಸ? ಆದರೆ ಲೇಖಕ ಜಾನ್ ದ ಬ್ರುನಾಫ್ ಒಂದು ಪುಟ ಬಿಟ್ಟುಕೊಟ್ಟಿದ್ದಾನೆ. ಅಲ್ಲಿ ಸೂಟು ತೊಟ್ಟ ಬಬಾರ್ ಕಿಟಕಿಯ ಹತ್ತಿರ ನಿಂತು ಅಮ್ಮನನ್ನು ನೆನೆದು ಅಳುತ್ತಾನೆ. ಒಂದೇ ಪುಟ. ಇಡೀ ಪುಸ್ತಕದ ಮೇಲೆ ವಸಾಹತುಶಾಹಿ ಮನಸ್ಸಿನ ಆರೋಪ ಇದೆ, ಅದರಲ್ಲಿ ಹುರುಳೂ ಇದೆ. ಆದರೂ ಆ ಕಿಟಕಿಯ ಪುಟಕ್ಕಾಗಿ ನಾನು ಅದನ್ನು ಕಪಾಟಿನಲ್ಲಿ ಇಟ್ಟುಕೊಂಡಿದ್ದೀನಿ.

ಈಗ ಹೇಳಿ ಹೋದವರ ಪುಸ್ತಕಗಳಿಗೆ ಬರೋಣ. ಸೂಸನ್ ವಾರ್ಲಿಯ 'ಬ್ಯಾಜರ್ಸ್ ಪಾರ್ಟಿಂಗ್ ಗಿಫ್ಟ್ಸ್' (1984) ಈ ಜಾತಿಯ ಪುಸ್ತಕಗಳಲ್ಲಿ ಬಹುಶಃ ಅತಿ ಹೆಚ್ಚು ಜನ ಶಿಫಾರಸು ಮಾಡೋದು. ಬ್ಯಾಜರ್ ಅಂದರೆ ಬಿಲದಲ್ಲಿ ವಾಸಿಸುವ, ಮುಖದ ಮೇಲೆ ಕಪ್ಪು ಬಿಳಿ ಪಟ್ಟೆ ಇರುವ ಪ್ರಾಣಿ. ಇಲ್ಲಿ ಅವನು ಎಲ್ಲರಿಗೂ ಬೇಕಾದ ಮುದುಕ. ಸಾವು ಬರುತ್ತೆ ಅಂತ ಅವನಿಗೆ ಗೊತ್ತು. ಗೆಳೆಯರಿಗೆ ಕಾಗದ ಬರೆದಿಟ್ಟು, ಕುರ್ಚಿಯಲ್ಲಿ ನಿದ್ದೆ ಹೋಗಿ, ಉದ್ದದ ಸುರಂಗದಲ್ಲಿ ಹಗುರಾಗಿ ಓಡುವ ಕನಸು ಕಾಣುತ್ತಾನೆ. ಆಮೇಲೆ ಬರೋದು ಚಳಿಗಾಲ. ಡಿಸ್ನಿಯ ಹಾಗೆ ವಸಂತ ಓಡಿ ಬರೋದಿಲ್ಲ, ಪ್ರಾಣಿಗಳು ಹಿಮದ ಕೆಳಗೆ ತಮ್ಮ ತಮ್ಮ ಬಿಲಗಳಲ್ಲಿ ದುಃಖಪಟ್ಟು ಕೂರುತ್ತವೆ. ವಸಂತ ಬಂದ ಮೇಲೆ ಒಟ್ಟು ಸೇರಿ, ಬ್ಯಾಜರ್ ತಮಗೆ ಏನು ಕಲಿಸಿದ ಅಂತ ಹೇಳಿಕೊಳ್ಳುತ್ತವೆ. ಕಪ್ಪೆಗೆ ಮಂಜುಗಡ್ಡೆ ಮೇಲೆ ಜಾರೋದು, ನರಿಗೆ ಟೈ ಕಟ್ಟೋದು, ಮೊಲದಮ್ಮನಿಗೆ ಶುಂಠಿ ಬಿಸ್ಕತ್ತು ಬೇಯಿಸೋದು, ಮೋಲ್‌ಗೆ ಕಾಗದದಲ್ಲಿ ಕೈ ಕೈ ಹಿಡಿದ ಗೊಂಬೆಗಳ ಸಾಲು ಕತ್ತರಿಸೋದು.

ಇದನ್ನು ಓದಿದ ರಾತ್ರಿ ಮಗಳು ತಾನಾಗಿಯೇ ಹೇಳಿದಳು, ತಾತ ನಂಗೆ ಕಡಲೆಕಾಯಿ ಸಿಪ್ಪೆ ಒಂದೇ ಬೆರಳಲ್ಲಿ ಒಡೆಯೋದು ಹೇಳಿಕೊಟ್ಟಿದ್ದಾರೆ ಅಂತ. ನನಗೆ ಆ ವಿಷಯವೇ ಗೊತ್ತಿರಲಿಲ್ಲ. ಅಷ್ಟರ ಮಟ್ಟಿಗೆ ಪುಸ್ತಕಕ್ಕೆ ನಾನು ಋಣಿ. ಆದರೆ ಅದರ ಮಿತಿಯನ್ನೂ ಹೇಳಬೇಕು. ಬ್ಯಾಜರ್‌ನದ್ದು ಬಹಳ ಶಿಸ್ತಿನ ಸಾವು. ವಯಸ್ಸಾಗಿತ್ತು, ನೋವಿರಲಿಲ್ಲ, ಕಾಗದವೂ ಇತ್ತು. "ತಾತನ ಕಾಗದ ಎಲ್ಲಿದೆ?" ಅಂತ ಮಗಳು ಮಾರನೇ ದಿನ ಕೇಳಿದಾಗ ಪುಸ್ತಕ ನನ್ನ ಕೈಬಿಟ್ಟಿತು. ಹೇಳಿ ಹೋಗುವ ಭಾಗ್ಯ ಇದ್ದವರ ಕಥೆ ಹೇಳದೆ ಹೋದವರ ಮನೆಯಲ್ಲಿ ಸ್ವಲ್ಪ ಹೊಟ್ಟೆಕಿಚ್ಚನ್ನೂ ಹುಟ್ಟಿಸುತ್ತೆ.

ಜರ್ಮನಿಯ ವುಲ್ಫ್ ಅರ್ಲ್‌ಬ್ರೂಹ್ 2007ರಲ್ಲಿ ಮಾಡಿದ 'ಡಕ್, ಡೆತ್ ಆ್ಯಂಡ್ ದ ಟ್ಯೂಲಿಪ್' ಇದಕ್ಕಿಂತ ಧೈರ್ಯದ ಪುಸ್ತಕ. ಬಾತುಕೋಳಿಯ ಹಿಂದೆ ಚೌಕಳಿ ಕೋಟು ತೊಟ್ಟ, ತಲೆಬುರುಡೆಯ ಮುಖದ ಸಾವು ಬಂದು ನಿಲ್ಲುತ್ತೆ. ಇಬ್ಬರೂ ಕೆರೆಗೆ ಹೋಗ್ತಾರೆ, ಮರ ಹತ್ತುತ್ತಾರೆ, ಒದ್ದೆಯಾಗಿ ನಡುಗುವ ಸಾವಿಗೆ ಬಾತುಕೋಳಿಯೇ ಬೆಚ್ಚಗೆ ಮಾಡುತ್ತೆ. ಒಂದು ದಿನ ಹಿಮ ಬೀಳುವಾಗ ಬಾತುಕೋಳಿ ಸುಮ್ಮನಾಗುತ್ತೆ. ಸಾವು ಅದನ್ನು ಎತ್ತಿಕೊಂಡು ಹೋಗಿ, ದೊಡ್ಡ ನದಿಯಲ್ಲಿ ತೇಲಿಬಿಟ್ಟು, ಮೇಲೊಂದು ಟ್ಯೂಲಿಪ್ ಹೂ ಇಡುತ್ತೆ. ಸ್ವರ್ಗ ಇದೆಯೋ ಇಲ್ಲವೋ ಅಂತ ಪುಸ್ತಕ ತೀರ್ಪು ಕೊಡೋದಿಲ್ಲ. ಅಮ್ಮನಿಗೆ ಚಿತ್ರ ನೋಡಿಯೇ ಸಿಟ್ಟು ಬಂತು, "ಮಗೂಗೆ ಇದೆಲ್ಲ ಯಾಕೋ ತೋರಿಸ್ತೀಯ" ಅಂದರು. ಮಗಳು ಮಾತ್ರ ಹೆದರಲಿಲ್ಲ. ಅವಳಿಗೆ ಇಷ್ಟವಾಗಿದ್ದು ಆ ನದಿ. ಅಮ್ಮನಿಗೇ ಸ್ವಲ್ಪ ಹೊತ್ತಾದ ಮೇಲೆ ಪಶ್ಚಿಮವಾಹಿನಿ ನೆನಪಾಗಿ ಕಣ್ಣೊರೆಸಿಕೊಂಡರು. ಶ್ರೀರಂಗಪಟ್ಟಣದ ಹತ್ತಿರ ಅಪ್ಪನ ಅಸ್ಥಿ ಬಿಟ್ಟಿದ್ದು ಅಲ್ಲೇ.

ಈ ಎಲ್ಲದರ ಮೇಲೆ ನಾನು ಕೂರಿಸೋದು ಇ.ಬಿ. ವೈಟ್ 1952ರಲ್ಲಿ ಬರೆದ 'ಷಾರ್ಲೆಟ್ಸ್ ವೆಬ್' ಅನ್ನು. ವಿಲ್ಬರ್ ಅನ್ನೋ ಹಂದಿಮರಿಯನ್ನು ಕಸಾಯಿಯಿಂದ ಉಳಿಸೋಕೆ ಷಾರ್ಲೆಟ್ ಅನ್ನೋ ಜೇಡ ತನ್ನ ಬಲೆಯಲ್ಲಿ ಅವನನ್ನು ಹೊಗಳುವ ಪದಗಳನ್ನು ನೇಯುತ್ತೆ. ಇಬ್ಬರೂ ಜಾತ್ರೆಗೆ ಹೋಗ್ತಾರೆ. ಹಂದಿ ಉಳಿಯುತ್ತೆ, ಜೇಡಕ್ಕೆ ಮನೆಗೆ ಮರಳುವ ಶಕ್ತಿ ಇರೋದಿಲ್ಲ. ಇದನ್ನು ಕೇಳಿ ವಿಲ್ಬರ್ ನೆಲಕ್ಕೆ ಬಿದ್ದು ಅಳುತ್ತಾನೆ. ಅಷ್ಟರಲ್ಲಿ ಅವನನ್ನು ಕರೆದೊಯ್ಯೋಕೆ ಜನ ಬರ್ತಾ ಇದ್ದಾರೆ, ಟೈಮಿಲ್ಲ. ಷಾರ್ಲೆಟ್‌ನ ಮೊಟ್ಟೆಗಳ ಚೀಲ ಮೇಲೆ ಅಂಟಿಕೊಂಡಿದೆ, ಅದನ್ನು ಮನೆಗೆ ಒಯ್ಯಬೇಕು. ತಾನು ಹತ್ತಲಾರ. ಟೆಂಪಲ್ಟನ್ ಅನ್ನೋ ಸ್ವಾರ್ಥಿ ಇಲಿಯನ್ನು ಗೋಗರೆದು, ಇನ್ನು ಮುಂದೆ ನನ್ನ ಊಟದ ತೊಟ್ಟಿಯಲ್ಲಿ ಮೊದಲು ನೀನೇ ತಿನ್ನು ಅಂತ ಒಪ್ಪಂದ ಮಾಡಿಕೊಂಡು, ಚೀಲವನ್ನು ಬಾಯಲ್ಲಿ ಇಟ್ಟುಕೊಳ್ಳುತ್ತಾನೆ. ಹಾಗಾಗಿ ವಿದಾಯದ ಹೊತ್ತಿನಲ್ಲಿ ಅವನಿಗೆ ಮಾತಾಡೋಕೇ ಆಗೋದಿಲ್ಲ, ಬಾಯಿ ತುಂಬ ಅವಳ ಮಕ್ಕಳು. ಕಣ್ಣು ಮಿಟುಕಿಸುತ್ತಾನೆ, ಅವಳು ಕಷ್ಟಪಟ್ಟು ಒಂದು ಕಾಲು ಎತ್ತಿ ಆಡಿಸುತ್ತಾಳೆ. ಮಾರನೇ ದಿನ ಜಾತ್ರೆಯ ಮೈದಾನ ಖಾಲಿಯಾಗುತ್ತೆ. ಷಾರ್ಲೆಟ್ ಸಾಯುವಾಗ ಪಕ್ಕದಲ್ಲಿ ಯಾರೂ ಇರೋದಿಲ್ಲ, ಮತ್ತು ವೈಟ್ ಅದನ್ನು ಮುಚ್ಚಿಡದೆ ಹೇಳುತ್ತಾರೆ.

ಸಾವಿನ ಮುಂದಿನ ಪುಟ ಅಂದೆನಲ್ಲ, ಇಲ್ಲಿ ನೋಡಿ. ವಿಲ್ಬರ್‌ಗೆ ದುಃಖವನ್ನು ಮರೆಯೋಕೆ ಯಾರೂ ಹೇಳೋದಿಲ್ಲ, ಅವನಿಗೆ ಕೆಲಸ ಸಿಗುತ್ತೆ. ಚಳಿಗಾಲ ಪೂರ್ತಿ ಕೊಟ್ಟಿಗೆಯ ಗೊಬ್ಬರದಲ್ಲಿ ಬೆಚ್ಚಗಿನ ಜಾಗ ಮಾಡಿ, ಚೀಲವನ್ನು ಕಾಯುತ್ತಾನೆ. ವಸಂತದಲ್ಲಿ 514 ಮರಿಗಳು ಹೊರಬಂದು, ರೇಷ್ಮೆ ಎಳೆ ಬಿಟ್ಟು ಗಾಳಿಯಲ್ಲಿ ಹಾರಿಹೋಗುತ್ತವೆ. ಅಷ್ಟು ಕಾದಿದ್ದಕ್ಕೆ ಸಿಕ್ಕಿದ್ದು ಇನ್ನೊಂದು ಅಗಲಿಕೆ! ವಿಲ್ಬರ್ ಮತ್ತೆ ಅಳುತ್ತಾನೆ. ಕೊನೆಗೆ ಉಳಿಯೋದು ಮೂರೇ ಮೂರು. ಅವು ಅವನಿಗೆ ಗೆಳೆಯರಾಗುತ್ತವೆ, ಆದರೆ ಷಾರ್ಲೆಟ್‌ಳ ಜಾಗ ತುಂಬಿತು ಅಂತ ಪುಸ್ತಕ ಎಲ್ಲೂ ಹೇಳೋದಿಲ್ಲ. ವೈಟ್ ತಾವೇ ಈ ಪುಸ್ತಕ ಓದಿ ಧ್ವನಿಮುದ್ರಿಸುವಾಗ, ಷಾರ್ಲೆಟ್ ಸಾಯುವ ಭಾಗವನ್ನು ಗಂಟಲು ಕಟ್ಟದೆ ಓದೋಕೆ 17 ಸಲ ಪ್ರಯತ್ನಿಸಬೇಕಾಯ್ತಂತೆ. ಮುದ್ರಣ ಮಾಡಿದವರೇ ಹೇಳಿದ ಕಥೆ ಇದು. ಬರೆದವರದ್ದೇ ಆ ಪಾಡು. ನಾನು ನಾಲ್ಕು ಸಲ ಪ್ರಯತ್ನಿಸಿದ್ದೀನಿ, ಇನ್ನೂ ಒಂದು ಸಲವೂ ಆಗಿಲ್ಲ.

ದುಃಖ ಒಂದು, ಆಘಾತ ಇನ್ನೊಂದು. ಎರಡನ್ನೂ ನಾವು ಒಂದೇ ಡಬ್ಬಕ್ಕೆ ಹಾಕ್ತೀವಿ. ಅಪ್ಪ ಹೋದ ಎರಡು ತಿಂಗಳಿಗೆ ಮಗಳಿಗೆ ರಾತ್ರಿ ಹೊತ್ತು ಹೊಟ್ಟೆನೋವು ಶುರುವಾಯ್ತು. ಡಾಕ್ಟರು ನೋಡಿ, ಸ್ಕ್ಯಾನ್ ಮಾಡಿಸಿ, ಏನೂ ಇಲ್ಲ ಅಂದರು. ಆಗ ಕೈಗೆ ಬಂದಿದ್ದು ಮಾರ್ಗರೆಟ್ ಹೋಮ್ಸ್ ಬರೆದ 'ಎ ಟೆರಿಬಲ್ ಥಿಂಗ್ ಹ್ಯಾಪನ್ಡ್' (2000). ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘದ ಮಕ್ಕಳ ಪ್ರಕಾಶನ ಹೊರತಂದ ಪುಸ್ತಕ. ಶರ್ಮನ್ ಅನ್ನೋ ಪುಟ್ಟ ರಕೂನ್ ಏನೋ ಭಯಂಕರವಾದದ್ದನ್ನು ನೋಡಿದ್ದಾನೆ. ಏನು ನೋಡಿದ ಅಂತ ಪುಸ್ತಕ ಕೊನೆಯವರೆಗೂ ಹೇಳೋದಿಲ್ಲ. ಅವನಿಗೆ ಹೊಟ್ಟೆನೋವು ಬರುತ್ತೆ, ಕೆಟ್ಟ ಕನಸು ಬೀಳುತ್ತೆ, ಸ್ಕೂಲಲ್ಲಿ ಕಾರಣವಿಲ್ಲದೆ ಸಿಟ್ಟು ಬಂದು ಬೈಸಿಕೊಳ್ಳುತ್ತಾನೆ. ಕೊನೆಗೆ ಮಿಸ್ ಮೇಪಲ್ ಅನ್ನೋವರ ಹತ್ತಿರ ಮಾತಾಡಿ, ಚಿತ್ರ ಬರೆದು ಹಗುರಾಗುತ್ತಾನೆ.

ಸಾಹಿತ್ಯ ಅಂತ ನೋಡಿದರೆ ಇದರಲ್ಲಿ ಹೆಚ್ಚೇನಿಲ್ಲ. ಕಥೆಗಿಂತ ಔಷಧಿಯ ಹಾಗಿದೆ, ಗುಣವಾಗೋದೂ ಔಷಧಿಯ ಜಾಹೀರಾತಿನಷ್ಟು ಬೇಗ. ಆದರೆ ಆ ಹೇಳದೆ ಬಿಟ್ಟ ಜಾಗ ಇದೆಯಲ್ಲ, ಅದು ಬಹಳ ಜಾಣತನದ್ದು. ಓದುವ ಪ್ರತಿ ಮಗುವೂ ತನ್ನದನ್ನು ಅಲ್ಲಿ ತುಂಬಬಹುದು. ಮಗಳು "ಇವನಿಗೂ ಹೊಟ್ಟೆನೋವು" ಅಂದಳು, ಆಮೇಲೆ ಕ್ರೇಯಾನ್ ತಗೊಂಡು ಕೂತಳು. ಬರೆದದ್ದು ಒಂದು ಕಿಟಕಿ, ಕಿಟಕಿಯ ತುಂಬ ಕೆಂಪು ನೀಲಿ ಗೆರೆಗಳು. ನನಗೆ ಅರ್ಥವಾಗೋಕೆ ಸ್ವಲ್ಪ ಹೊತ್ತು ಬೇಕಾಯ್ತು. ಅದು ಆಂಬುಲೆನ್ಸಿನ ದೀಪ. ಆ ರಾತ್ರಿ ಅವಳು ಎದ್ದಿದ್ದಳು. ಸ್ಟ್ರೆಚರ್ ಲಿಫ್ಟಿನೊಳಗೆ ಹಿಡಿಸದೆ ನಾವೆಲ್ಲ ಕೂಗಾಡಿದ್ದನ್ನು ಕೇಳಿದ್ದಳು. ಬೆಳಗ್ಗೆ ಅವಳ ಮುಂದೆ ನಿಂತು "ಊರಿಗೆ ಹೋಗಿದ್ದಾರೆ" ಅಂತ ನಾನು ಸುಳ್ಳು ಹೇಳಿದಾಗ ಅವಳಿಗೆ ಅದು ಸುಳ್ಳು ಅಂತ ಅರ್ಧ ಗೊತ್ತಿತ್ತು.

ಇದಾದ ಮೇಲೆ ಕೋರಿ ಡೋರ್‌ಫೆಲ್ಡ್ ಅವರ 'ದ ರ‍್ಯಾಬಿಟ್ ಲಿಸನ್ಡ್' (2018) ಓದಿದರೆ ನಾಚಿಕೆಯಾಗುತ್ತೆ. ಮಗು ಕಟ್ಟಿದ ಆಟದ ಕಟ್ಟಡ ಬಿದ್ದುಹೋಗುತ್ತೆ. ಕೋಳಿ ಬಂದು ಮಾತಾಡು ಅನ್ನುತ್ತೆ, ಕರಡಿ ಕೂಗಾಡು ಅನ್ನುತ್ತೆ, ಆನೆ ಮತ್ತೆ ಮೊದಲಿನಂತೆಯೇ ಕಟ್ಟೋಣ ಅನ್ನುತ್ತೆ, ಕತ್ತೆಕಿರುಬ ನಗೋಣ ಅನ್ನುತ್ತೆ, ಉಷ್ಟ್ರಪಕ್ಷಿ ಏನೂ ಆಗಿಲ್ಲ ಅನ್ನೋ ಹಾಗೆ ಅಡಗೋಣ ಅನ್ನುತ್ತೆ. ಮೊಲ ಮಾತ್ರ ಸುಮ್ಮನೆ ಬಂದು ಪಕ್ಕದಲ್ಲಿ ಕೂರುತ್ತೆ. ಆಮೇಲೆ ಮಗು ತಾನಾಗಿಯೇ ಮಾತಾಡುತ್ತೆ, ಕೂಗುತ್ತೆ, ನಗುತ್ತೆ. ಈ ಪುಸ್ತಕಕ್ಕೆ ಒಂದೇ ಅಪಾಯ ಇದೆ, ಅದು ನಮ್ಮ ಆಫೀಸುಗಳಿಗೆ ಸಿಕ್ಕಿಬಿಟ್ಟಿದೆ. ಲೀಡರ್‌ಶಿಪ್ ಟ್ರೈನಿಂಗಿನ ಸ್ಲೈಡಿನಲ್ಲಿ ಈ ಮೊಲವನ್ನು ನೋಡಿ ನಾನು ತಲೆ ಚಚ್ಚಿಕೊಂಡಿದ್ದೀನಿ. ಆ ಸೆಷನ್ ನಡೆಸಿದವರು ಇಪ್ಪತ್ತು ನಿಮಿಷ ಎಡೆಬಿಡದೆ ಮಾತಾಡಿದರು.

ಕೊನೆಯ ಪುಸ್ತಕ ಪುಟ್ಟ ಮಕ್ಕಳಿಗಲ್ಲ, ಹತ್ತು ಹನ್ನೆರಡು ದಾಟಿದವರಿಗೆ ಮತ್ತು ನಮಗೆ. ರಿಚರ್ಡ್ ಆ್ಯಡಮ್ಸ್ ಅವರ 'ವಾಟರ್‌ಶಿಪ್ ಡೌನ್' (1972). ಎರಡನೇ ಮಹಾಯುದ್ಧದಲ್ಲಿ ಸೈನ್ಯದಲ್ಲಿದ್ದ ಆ್ಯಡಮ್ಸ್, ಕಾರಿನ ದೂರ ಪ್ರಯಾಣದಲ್ಲಿ ತನ್ನ ಇಬ್ಬರು ಹೆಣ್ಣುಮಕ್ಕಳಿಗೆ ಹೇಳಿದ ಕಥೆ ಅದು. ಮನೆಗಳನ್ನು ಕಟ್ಟೋಕೆ ಮನುಷ್ಯರು ಮೊಲಗಳ ಬಿಲಗಳನ್ನು ಮುಚ್ಚಿ ವಿಷದ ಗಾಳಿ ಬಿಡ್ತಾರೆ. ತಪ್ಪಿಸಿಕೊಂಡವರು ಹೊಸ ನೆಲೆ ಹುಡುಕುತ್ತಾ ಹೋಗ್ತಾರೆ. ಹೆದರಿಕೆಯಲ್ಲಿ ಕಾಲು ಕಿತ್ತಿಡಲಾಗದೆ ಮರಗಟ್ಟಿ ನಿಲ್ಲುವ ಸ್ಥಿತಿಗೆ ಈ ಮೊಲಗಳ ಭಾಷೆಯಲ್ಲಿ 'ಥಾರ್ನ್' ಅಂತ ಒಂದು ಪದವೇ ಇದೆ. ಹೆಸರಿದ್ದರೆ ಹಿಡಿದು ಮಾತಾಡಬಹುದು.

ದಾರಿಯಲ್ಲಿ ಅವರಿಗೆ ಒಂದು ಶ್ರೀಮಂತ ಬಿಲ ಸಿಗುತ್ತೆ. ಅಲ್ಲಿನ ಮೊಲಗಳು ದಷ್ಟಪುಷ್ಟ, ಸಭ್ಯ, ಸುಸಂಸ್ಕೃತ. ಯಾರೋ ರೈತ ದಿನಾ ಒಳ್ಳೊಳ್ಳೆ ತರಕಾರಿ ಎಸೆದು ಹೋಗ್ತಾನೆ. ಆ ಊರಿಗೆ ಒಂದೇ ನಿಯಮ, ಯಾರಾದರೂ ಕಾಣದಿದ್ದರೆ "ಅವನೆಲ್ಲಿ?" ಅಂತ ಕೇಳಬಾರದು. ಯಾಕೆಂದರೆ ಆ ರೈತ ಸುತ್ತ ಉರುಳು ಇಟ್ಟಿದ್ದಾನೆ, ಆಗೀಗ ಒಬ್ಬೊಬ್ಬರು ಅದಕ್ಕೆ ಬೀಳ್ತಾರೆ. ಎಲ್ಲರಿಗೂ ಗೊತ್ತು, ಯಾರೂ ಆಡೋದಿಲ್ಲ. ತಮ್ಮ ಪೂರ್ವಜರ ಕಥೆಗಳನ್ನೂ ಅವು ಹೇಳೋದು ಬಿಟ್ಟಿವೆ.

ಆ ಅಧ್ಯಾಯ ಓದಿ ಪುಸ್ತಕ ಕೆಳಗಿಟ್ಟೆ. ಸಾವಿರದ ಇನ್ನೂರು ಫ್ಲ್ಯಾಟುಗಳ ನಮ್ಮ ಅಪಾರ್ಟ್‌ಮೆಂಟಿನಲ್ಲಿ, ಒಳ್ಳೆ ಸ್ಕೂಲು, ಒಳ್ಳೆ ಊಟ, ಈಜುಕೊಳ ಎಲ್ಲ ಇರುವ ನಮ್ಮ ಬಿಲದಲ್ಲಿ, ಒಂದು ಮಗು ಮೂರು ವಾರ "ತಾತ ಎಲ್ಲಿ?" ಅಂತ ಕೇಳಿತ್ತು. ಎಲ್ಲರೂ ಚಾಕೊಲೇಟ್ ಕೊಟ್ಟು ಮಾತು ಬದಲಿಸಿದ್ದೆವು.

ಹಾಗಾಗಿ ನೀವು ಇಂಥ ಪುಸ್ತಕ ಹುಡುಕುತ್ತಿದ್ದರೆ ನನ್ನ ಅನುಭವದ್ದಿಷ್ಟು. ನಿಧಾನದ ಕಾಯಿಲೆಯಲ್ಲಿ ಯಾರೋ ಹೋದ ಮನೆಗೆ ಬ್ಯಾಜರ್ ಸರಿ. ದಿಢೀರ್ ಅಂತ ಆದಲ್ಲಿ ಶರ್ಮನ್ ಜೊತೆ ಶುರು ಮಾಡಿ. ಸ್ವಲ್ಪ ದೊಡ್ಡ ಮಗುವಾದರೆ ವಿಲ್ಬರ್. ಪುಣ್ಯಕೋಟಿಯನ್ನು ಬಿಡಬೇಡಿ, ಆದರೆ ಕರುವಿನ ಭಾಗದಲ್ಲಿ ನಿಲ್ಲಿ, ಮಗುವಿನ ಪ್ರಶ್ನೆಗಳು ಮುಗಿಯೋವರೆಗೂ ಮುಂದಕ್ಕೆ ಹೋಗಬೇಡಿ. ಓದಿ ಮುಗಿಸಿದ ಮೇಲೆ "ಇದರಿಂದ ಏನು ಕಲಿತೆ?" ಅಂತ ಮಾತ್ರ ಕೇಳಬೇಡಿ. ಮತ್ತು ಪುಸ್ತಕ ನಿಮ್ಮ ಕೆಲಸ ಮಾಡಿಕೊಡುತ್ತೆ ಅಂತ ಕಾಯಬೇಡಿ. ನಿಜ ಹೇಳಬೇಕಾದವರು ನೀವೇ. ಪುಸ್ತಕ ಆಮೇಲೆ ಜೊತೆಗಿರುತ್ತೆ.

ಕಳೆದ ತಿಂಗಳು ಅಪ್ಪನ ವರ್ಷಾಬ್ದಿಕ ಇತ್ತು. ಈ ಸಲ ಮಗಳನ್ನು ಪಕ್ಕದ ಮನೆಗೆ ಕಳಿಸಲಿಲ್ಲ. ಟೆರೇಸಿನ ಪ್ಯಾರಪೆಟ್ ಮೇಲೆ ಎಲೆ ಇಟ್ಟು ಕಾಗೆಗಾಗಿ ಕಾದೆವು. ಅಜ್ಜಿ ಅವಳಿಗೆ, ಕಾಗೆ ಬಂದು ತಿಂದರೆ ತಾತನಿಗೆ ತಲುಪುತ್ತೆ ಅಂತ ಹೇಳಿದರು. ನಾನು ಸುಮ್ಮನಿದ್ದೆ. ಅದು ಅಮ್ಮನ ನಂಬಿಕೆ, ಅಮ್ಮನ ದುಃಖ. ಬಹಳ ಹೊತ್ತು ಕಾದ ಮೇಲೆ ಒಂದು ಕಾಗೆ ಬಂದು ವಡೆ ಕಚ್ಚಿಕೊಂಡು ಹಾರಿತು. ಮಗಳು ಅದು ಹೋದ ದಿಕ್ಕನ್ನೇ ನೋಡುತ್ತಾ ಕೇಳಿದಳು, "ಕಾಗೇದು ಯಾರಾದ್ರೂ ಸತ್ತೋದ್ರೆ, ಅದು ಯಾರಿಗೆ ಊಟ ಇಡುತ್ತೆ?"

ಕಾಗೆ ಸತ್ತರೆ ಉಳಿದ ಕಾಗೆಗಳೆಲ್ಲ ಸುತ್ತ ಸೇರಿ ಕೂಗೋದನ್ನು ಕರೆಂಟು ಕಂಬದ ಕೆಳಗೆ ನಾವೆಲ್ಲ ನೋಡಿದ್ದೀವಿ. ಅಷ್ಟನ್ನು ಅವಳಿಗೆ ಹೇಳಿದೆ. ಊಟದ ವಿಷಯ ನನಗೆ ಗೊತ್ತಿಲ್ಲ ಅಂದೆ. ಯಾರಾದರೂ ಕನ್ನಡದಲ್ಲಿ ಆ ಕಾಗೆಯ ಕಥೆ ಬರೆದರೆ ಮೊದಲ ಪ್ರತಿ ನಮ್ಮ ಮನೆಗೆ ಬೇಕು.